ಅರಿಶಿನದ ಗುಳಿಗೆ: ಉರಿಯೂತಕ್ಕೆ ಎಷ್ಟು ಉಪಯೋಗ, ಲಿವರ್‌ಗೆ ಎಷ್ಟು ಅಪಾಯ?

ಮಂಡಿ ನೋವೆಂದು ಬಾಯಿಬಿಟ್ಟರೆ ಸಾಕು, "ಅರಿಶಿನದ ಗುಳಿಗೆ ತೆಗೆದುಕೊಳ್ಳಿ, ಸೈಡ್ ಎಫೆಕ್ಟ್ ಇಲ್ಲ" ಎನ್ನುವವರು ಈಗ ಮನೆಮನೆಯಲ್ಲೂ ಸಿಗುತ್ತಾರೆ. ಔಷಧಿ ಅಂಗಡಿಗಳಲ್ಲೂ ಆನ್‌ಲೈನ್ ಮಳಿಗೆಗಳಲ್ಲೂ ‘ಕರ್ಕ್ಯುಮಿನ್’ (ಅರಿಶಿನದ ಹಳದಿ ಸತ್ವ) ಎಂದು ಬರೆದ ಡಬ್ಬಿಗಳು ಸಾಲುಗಟ್ಟಿವೆ. ವಿದೇಶದಲ್ಲಿರುವ ಮಕ್ಕಳು ಊರಿಗೆ ಬರುವಾಗ ಅಪ್ಪ ಅಮ್ಮನಿಗೆಂದು ತರುವ ವಸ್ತುಗಳಲ್ಲಿ ಅದೂ ಸೇರಿಕೊಂಡಿದೆ. ಇದೇ ಅವಧಿಯಲ್ಲಿ ಇಟಲಿಯ ಆರೋಗ್ಯ ಸಚಿವಾಲಯ 2022ರಲ್ಲಿ ಇಂತಹ ಡಬ್ಬಿಗಳ ಮೇಲೆ ಲಿವರ್ ಕುರಿತ ಎಚ್ಚರಿಕೆಯನ್ನು ಕಡ್ಡಾಯ ಮಾಡಿತು. 2023ರಲ್ಲಿ ಆಸ್ಟ್ರೇಲಿಯಾದ ಔಷಧಿ ನಿಯಂತ್ರಣ ಸಂಸ್ಥೆಯೂ ಸಾರ್ವಜನಿಕರನ್ನು ಎಚ್ಚರಿಸಿತು.

ದಿನವೂ ಸಾರಿಗೆ ಹಾಕುವ ಅರಿಶಿನದಿಂದ ಲಿವರ್ ಕೆಡುತ್ತದೆಯೇ ಎಂದು ಹಲವರು ಗಾಬರಿಯಾದರು. ಇದು ವಿದೇಶಿಯರ ಪಿತೂರಿ ಎಂದು ಇನ್ನು ಕೆಲವರು ತಳ್ಳಿಹಾಕಿದರು. ಎರಡೂ ಸರಿಯಲ್ಲ. ಅಡುಗೆಗೆ ಹಾಕುವ ಅರಿಶಿನ ಮತ್ತು ಗುಳಿಗೆಯೊಳಗಿನ ಅರಿಶಿನದ ಸಾರ, ದೇಹದ ಮಟ್ಟಿಗೆ ಎರಡು ಬೇರೆ ಬೇರೆ ವಸ್ತುಗಳು. ಅಷ್ಟು ತಿಳಿದುಕೊಂಡರೆ ಉಳಿದ ಗೊಂದಲ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಉರಿಯೂತ ಎಂದರೆ ಏನು?

ಕಾಲಿಗೆ ಮುಳ್ಳು ಚುಚ್ಚಿದ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದಿಕೊಳ್ಳುತ್ತದೆ, ನೋಯುತ್ತದೆ. ಈ ನಾಲ್ಕೂ ಸೇರಿದ್ದೇ ಉರಿಯೂತ. ಇದು ರೋಗವಲ್ಲ, ದೇಹದ ರಕ್ಷಣಾ ಕ್ರಮ. ಪೆಟ್ಟು ಬಿದ್ದಲ್ಲಿಗೆ ಹೆಚ್ಚು ರಕ್ತ ಹರಿಯುತ್ತದೆ, ರಕ್ತನಾಳಗಳ ಗೋಡೆ ಸಡಿಲಗೊಂಡು ಬಿಳಿ ರಕ್ತಕಣಗಳು ಹೊರಬರುತ್ತವೆ, ಸೋಂಕಿನ ವಿರುದ್ಧ ಕೆಲಸ ಆರಂಭಿಸುತ್ತವೆ. ಗಾಯ ಮಾಗಿದ ಮೇಲೆ ಎಲ್ಲವೂ ಅಡಗುತ್ತದೆ.

ಇದು ಅಡಗದೆ ಉಳಿದಾಗ ತೊಂದರೆ ಶುರುವಾಗುತ್ತದೆ. ಸಂಧಿವಾತದಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ತಿರುಗಿಬೀಳುತ್ತದೆ. ಮಂಡಿ ಸವೆತದಲ್ಲಿ ಮೃದು ಎಲುಬು ತೆಳುವಾಗುತ್ತಾ ಹೋದಂತೆ ಕೀಲಿನ ಒಳಪದರವೂ ಆಗಾಗ ಊದಿಕೊಳ್ಳುತ್ತದೆ. ಕರುಳಿನ ಹುಣ್ಣಿನ ಕೆಲವು ರೋಗಗಳಲ್ಲಿ ಉರಿಯೂತ ವರ್ಷಗಟ್ಟಲೆ ಬಂದು ಹೋಗುತ್ತಿರುತ್ತದೆ.

ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ನೋವಿನ ಮಾತ್ರೆಗಳು ಉರಿಯೂತಕ್ಕೆ ಕಾರಣವಾಗುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕದ ಉತ್ಪಾದನೆಯನ್ನು ತಡೆಯುತ್ತವೆ. ಆದರೆ ಹೊಟ್ಟೆಯ ಒಳಪದರವನ್ನು ಕಾಯುವುದೂ, ಮೂತ್ರಪಿಂಡಕ್ಕೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುವುದೂ ಅದೇ ರಾಸಾಯನಿಕ. ಹಾಗಾಗಿ ತಿಂಗಳುಗಟ್ಟಲೆ ಈ ಮಾತ್ರೆ ನುಂಗಿದವರಿಗೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಸೊರಗಬಹುದು. ಬೇರೆ ದಾರಿ ಇದೆಯೇ ಎಂದು ಜನ ಹುಡುಕುವುದು ಸಹಜ. ಅರಿಶಿನದ ಕಡೆಗೆ ಕಣ್ಣು ಹೋಗಿರುವುದೂ ಈ ಕಾರಣಕ್ಕೇ.

ಒಂದು ಗುಳಿಗೆಯಲ್ಲಿ ಎಷ್ಟು ಚಮಚ ಅರಿಶಿನ?

ಅರಿಶಿನದ ಕೊಂಬಿಗೆ ಹಳದಿ ಬಣ್ಣ ಕೊಡುವುದು ಕರ್ಕ್ಯುಮಿನ್ ಮತ್ತು ಅದರ ಎರಡು ಹತ್ತಿರದ ಸಂಬಂಧಿ ರಾಸಾಯನಿಕಗಳು. ಮೂರನ್ನೂ ಸೇರಿಸಿ ಕರ್ಕ್ಯುಮಿನಾಯ್ಡ್ ಎನ್ನುತ್ತಾರೆ. 1815ರಲ್ಲೇ ಯುರೋಪಿನ ವಿಜ್ಞಾನಿಗಳು ಕರ್ಕ್ಯುಮಿನ್ ಅನ್ನು ಕೊಂಬಿನಿಂದ ಬೇರ್ಪಡಿಸಿದ್ದರು. ಸಂಶೋಧನೆ ಬಹುಮಟ್ಟಿಗೆ ನಡೆದಿರುವುದು ಇದರ ಮೇಲೆಯೇ, ಇಡೀ ಅರಿಶಿನದ ಮೇಲೆ ಅಲ್ಲ.

ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ತೂಕದ ಶೇಕಡಾ 3ರ ಆಸುಪಾಸು. ಒಂದು ಟೀ ಚಮಚ ಪುಡಿ ಸುಮಾರು 3 ಗ್ರಾಂ ತೂಗುತ್ತದೆ ಎಂದುಕೊಂಡರೆ ಅದರಲ್ಲಿ ಸಿಗುವ ಕರ್ಕ್ಯುಮಿನ್ ಸುಮಾರು 90 ಮಿಲಿಗ್ರಾಂ. 2020ರಲ್ಲಿ ಕೊರೋನಾ ಹರಡಿದಾಗ ಆಯುಷ್ ಸಚಿವಾಲಯ 150 ಮಿಲಿಲೀಟರ್ ಬಿಸಿ ಹಾಲಿಗೆ ಅರ್ಧ ಚಮಚ ಅರಿಶಿನ ಹಾಕಿ ಕುಡಿಯಲು ಸಲಹೆ ಕೊಟ್ಟಿತ್ತು. ಆ ಲೋಟದಲ್ಲಿ ಇದ್ದದ್ದು ಸುಮಾರು 45 ಮಿಲಿಗ್ರಾಂ. ಪಲ್ಯ, ಹುಳಿ, ಚಿತ್ರಾನ್ನಗಳಲ್ಲಿ ಒಬ್ಬೊಬ್ಬರ ಪಾಲಿಗೆ ಬರುವುದು ಇದಕ್ಕಿಂತಲೂ ಕಡಿಮೆ.

ಅಂಗಡಿಯ ಗುಳಿಗೆ ಹಾಗಲ್ಲ. ‘500 ಮಿಲಿಗ್ರಾಂ, ಶೇಕಡಾ 95 ಕರ್ಕ್ಯುಮಿನಾಯ್ಡ್’ ಎಂದು ಬರೆದ ಒಂದೇ ಗುಳಿಗೆಯಲ್ಲಿ 475 ಮಿಲಿಗ್ರಾಂ ಇರುತ್ತದೆ. ಅಷ್ಟನ್ನು ಪುಡಿಯಿಂದ ಪಡೆಯಬೇಕಾದರೆ ಐದು ಚಮಚ ಅರಿಶಿನ ತಿನ್ನಬೇಕು. ದಿನಕ್ಕೆ ಎರಡು ಗುಳಿಗೆಯಾದರೆ ಹತ್ತು ಚಮಚ. ನಮ್ಮ ಅಜ್ಜಿಯರು ಯಾರೂ ದಿನಕ್ಕೆ ಹತ್ತು ಚಮಚ ಅರಿಶಿನ ತಿಂದಿಲ್ಲ. ಆದ್ದರಿಂದ "ತಲೆತಲಾಂತರದಿಂದ ತಿನ್ನುತ್ತಿದ್ದೇವೆ, ಏನೂ ಆಗಿಲ್ಲ" ಎಂಬ ಮಾತು ಸಾರಿನ ಮಟ್ಟಿಗೆ ನಿಜ, ಗುಳಿಗೆಗೆ ಅದು ಹೊಂದುವುದಿಲ್ಲ. ಆಹಾರದಲ್ಲಿ ಬಣ್ಣವಾಗಿ ಬಳಸುವ ಕರ್ಕ್ಯುಮಿನ್‌ಗೆ ಅಂತರರಾಷ್ಟ್ರೀಯ ತಜ್ಞರ ಸಮಿತಿ ನಿಗದಿಪಡಿಸಿರುವ ಮಿತಿ, ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 3 ಮಿಲಿಗ್ರಾಂ. 60 ಕಿಲೋ ತೂಕದವರಿಗೆ ಅದು 180 ಮಿಲಿಗ್ರಾಂ ಆಗುತ್ತದೆ.

ಪರಂಪರೆ ಸಾಕ್ಷ್ಯವಲ್ಲವೇ?

ಈ ಪ್ರಶ್ನೆ ಬಂದಾಗಲೆಲ್ಲ ಅರಿಶಿನದ ಪೇಟೆಂಟ್ ಗೆದ್ದ ಕಥೆ ಮುಂದೆ ಬರುತ್ತದೆ. ಗಾಯ ಮಾಗಿಸಲು ಅರಿಶಿನ ಬಳಸುವ ವಿಧಾನಕ್ಕೆ 1995ರಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತ್ತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್‌ಐಆರ್) ಅದನ್ನು ಪ್ರಶ್ನಿಸಿ, ಹಳೆಯ ಗ್ರಂಥಗಳನ್ನೂ 1953ರ ಒಂದು ವೈದ್ಯಕೀಯ ಲೇಖನವನ್ನೂ ಮುಂದಿಟ್ಟಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಅದು ದೊಡ್ಡ ಗೆಲುವೇ, ಹೆಮ್ಮೆಪಡಬೇಕಾದದ್ದೇ. ಆದರೆ ಅಲ್ಲಿ ಸಾಬೀತಾದದ್ದು ಈ ಬಳಕೆ ಹೊಸದಲ್ಲ ಎಂಬುದು. ಅದು ಎಷ್ಟು ಪರಿಣಾಮಕಾರಿ, ಎಷ್ಟು ಪ್ರಮಾಣದಲ್ಲಿ, ಯಾವ ರೋಗಕ್ಕೆ ಎಂಬ ಪ್ರಶ್ನೆಗಳನ್ನು ಪೇಟೆಂಟ್ ಕಚೇರಿ ಕೇಳಲೂ ಇಲ್ಲ. ಪರಂಪರೆ ಎಲ್ಲಿ ಹುಡುಕಬೇಕು ಎಂಬುದನ್ನು ತೋರಿಸಿಕೊಡುತ್ತದೆ. ಸಿಕ್ಕಿದ್ದನ್ನು ಅಳೆಯುವುದು ಬೇರೆಯೇ ಕೆಲಸ.

ಪ್ರಯೋಗಾಲಯದಲ್ಲಿ ಕಂಡದ್ದು

ಆ ಕೆಲಸ ನಮ್ಮ ದೇಶದಲ್ಲಿ ಬೇಗನೆ ಆರಂಭವಾಯಿತು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1973ರಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕರ್ಕ್ಯುಮಿನ್ ಊತವನ್ನು ತಗ್ಗಿಸುತ್ತದೆ ಎಂದು ತೋರಿಸಿದರು. ಮುಂದೆ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಜಗತ್ತಿನಾದ್ಯಂತ ಸಾವಿರಾರು ಪ್ರಯೋಗಗಳು ನಡೆದವು. ಉರಿಯೂತಕ್ಕೆ ಚಾಲನೆ ಕೊಡುವ ಹತ್ತಾರು ಪ್ರೋಟೀನ್‌ಗಳನ್ನು ಕರ್ಕ್ಯುಮಿನ್ ತಡೆಯುತ್ತದೆ ಎಂಬ ವರದಿಗಳು ಬಂದವು. ಜಾಹೀರಾತುಗಳಲ್ಲಿ ಕಾಣುವ ‘ವೈಜ್ಞಾನಿಕವಾಗಿ ದೃಢಪಟ್ಟಿದೆ’ ಎಂಬ ಸಾಲು ಹೆಚ್ಚಾಗಿ ಈ ಪ್ರಯೋಗಗಳನ್ನು ನೆಚ್ಚಿಕೊಂಡಿದೆ.

2017ರಲ್ಲಿ ಅಮೆರಿಕದ ಔಷಧ ರಸಾಯನಶಾಸ್ತ್ರಜ್ಞರ ಒಂದು ತಂಡ ಇವೆಲ್ಲವನ್ನೂ ಮರುಪರಿಶೀಲಿಸಿ ದೀರ್ಘ ಲೇಖನ ಪ್ರಕಟಿಸಿತು. ಅವರ ಆಕ್ಷೇಪವನ್ನು ಬಿಡಿಸಿ ಹೇಳುವುದು ಅಗತ್ಯ. ಕರ್ಕ್ಯುಮಿನ್ ಕಣ ಬಹಳ ಚಟುವಟಿಕೆಯದು. ಎದುರಾದ ಪ್ರೋಟೀನ್‌ಗೆಲ್ಲ ಅಂಟಿಕೊಳ್ಳುತ್ತದೆ. ಜೊತೆಗೆ ಅದು ಬೆಳಕನ್ನು ಹೀರಿ ತಾನೇ ಬೆಳಕು ಸೂಸುತ್ತದೆ. ಎಷ್ಟೋ ಪರೀಕ್ಷೆಗಳ ಫಲಿತಾಂಶವನ್ನು ಅಳೆಯುವುದೇ ಬೆಳಕಿನಿಂದ. ಹೀಗಾಗಿ ಏನೂ ಆಗದಿದ್ದರೂ ಔಷಧಿ ಕೆಲಸ ಮಾಡಿದಂತೆ ಉಪಕರಣ ತೋರಿಸಿಬಿಡಬಹುದು. ಮದುವೆ ಮನೆಯಲ್ಲಿ ಕಂಡಕಂಡವರ ಕೈ ಕುಲುಕಿ ಮಾತಾಡಿಸುವ ವ್ಯಕ್ತಿಯನ್ನು ನೋಡಿ ಅವನು ಎಲ್ಲರಿಗೂ ಹತ್ತಿರದ ನೆಂಟನೆಂದು ಭಾವಿಸಿದ ಹಾಗೆ ಇದು. ದೇಹದ ರಕ್ತದಷ್ಟೇ ಕ್ಷಾರ ಗುಣವಿರುವ ದ್ರಾವಣದಲ್ಲಿ ಇಟ್ಟರೆ ಅರ್ಧ ಗಂಟೆಯಲ್ಲಿ ಬಹುಪಾಲು ಕರ್ಕ್ಯುಮಿನ್ ಒಡೆದುಹೋಗುತ್ತದೆ ಎಂಬುದನ್ನೂ ಅವರು ನೆನಪಿಸಿದರು.

ಇನ್ನೊಂದು ಕಹಿ ಸಂಗತಿಯೂ ಇದೆ. ಈ ಕ್ಷೇತ್ರದಲ್ಲಿ ಬಹಳ ಹೆಸರು ಮಾಡಿದ್ದ ಅಮೆರಿಕದ ಒಂದು ಪ್ರಯೋಗಾಲಯದ ಹಲವಾರು ಲೇಖನಗಳನ್ನು ಅವುಗಳಲ್ಲಿನ ಚಿತ್ರಗಳ ವಿಶ್ವಾಸಾರ್ಹತೆಯ ಪ್ರಶ್ನೆಯಿಂದಾಗಿ ನಿಯತಕಾಲಿಕೆಗಳು ಹಿಂಪಡೆದವು. ಆದರೆ ಅಷ್ಟರಲ್ಲಿ ಅವುಗಳನ್ನು ಆಧಾರವಾಗಿಟ್ಟುಕೊಂಡು ಬೇರೆಯವರು ಬರೆದ ಲೇಖನಗಳು ಎಲ್ಲೆಡೆ ಹರಡಿಯಾಗಿತ್ತು.

ನುಂಗಿದ್ದೆಲ್ಲ ರಕ್ತ ಸೇರುವುದಿಲ್ಲ: ಬೆಂಗಳೂರಿನ ಪ್ರಯೋಗ

ಗಾಜಿನ ತಟ್ಟೆಯಲ್ಲಿ ಔಷಧಿಯನ್ನು ನೇರವಾಗಿ ಜೀವಕೋಶದ ಮೇಲೆ ಸುರಿಯಬಹುದು. ಮನುಷ್ಯ ನುಂಗಿದ್ದು ಕರುಳಿನ ಗೋಡೆ ದಾಟಿ, ಲಿವರ್‌ನಲ್ಲಿ ಹಾದು, ರಕ್ತ ಸೇರಿ ಮಂಡಿಯವರೆಗೆ ತಲುಪಬೇಕು. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ದಾಟಿದ ಅಲ್ಪಸ್ವಲ್ಪಕ್ಕೂ ಕರುಳು ಮತ್ತು ಲಿವರ್ ಸಕ್ಕರೆಯಂತಹ ಒಂದು ತುಣುಕನ್ನು ಅಂಟಿಸಿ ಹೊರಗೆ ಸಾಗಿಸುತ್ತವೆ.

ಇದನ್ನು ಮನುಷ್ಯರಲ್ಲಿ ಅಳೆದ ಹೆಸರಾಂತ ಅಧ್ಯಯನ ನಡೆದದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ, ಪ್ರಕಟವಾದದ್ದು 1998ರಲ್ಲಿ. ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ರಕ್ತ ಪರೀಕ್ಷಿಸಿದಾಗ ಅದು ಪತ್ತೆಯೇ ಆಗಲಿಲ್ಲ, ಅಥವಾ ತೀರಾ ಕಡಿಮೆ ಇತ್ತು. ಜೊತೆಯಲ್ಲಿ 20 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಖಾರದ ಸತ್ವ, ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಶೇಕಡಾ 2000ರಷ್ಟು ಏರಿತು. ಇಂದು ಜಗತ್ತಿನ ಯಾವುದೇ ಅಂಗಡಿಯಲ್ಲಿ ‘ಮೆಣಸಿನ ಸಾರ ಸಹಿತ’ ಎಂದು ಬರೆದ ಅರಿಶಿನ ಗುಳಿಗೆ ಕಂಡರೆ ಅದರ ಮೂಲ ಈ ಪ್ರಯೋಗದಲ್ಲಿದೆ.

ಇಲ್ಲಿ ಎರಡು ವಿಷಯ ಗಮನಿಸಬೇಕು. ಶೂನ್ಯಕ್ಕೆ ಹತ್ತಿರವಿದ್ದದ್ದು ಇಪ್ಪತ್ತು ಪಟ್ಟು ಹೆಚ್ಚಿದರೂ ಅದು ದೊಡ್ಡ ಮೊತ್ತವಾಗಬೇಕೆಂದಿಲ್ಲ. ಆ ಏರಿಕೆ ಕಂಡದ್ದೂ ಮೊದಲ ಒಂದು ಗಂಟೆಯಲ್ಲಿ. ಪೈಪರಿನ್ ಮಾರುವ ಕಂಪನಿಯ ಸಂಬಂಧವಿದ್ದವರೂ ಆ ಲೇಖನದ ಲೇಖಕರಲ್ಲಿದ್ದರು ಎಂಬುದು ಎರಡನೆಯದು. ಅಷ್ಟಕ್ಕೇ ಅಧ್ಯಯನ ಸುಳ್ಳಾಗುವುದಿಲ್ಲ, ಓದುವಾಗ ನೆನಪಿನಲ್ಲಿರಬೇಕು.

ಮಂಡಿ ನೋವಿಗೆ ಸಿಕ್ಕ ಸಾಕ್ಷ್ಯ

ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಹೆಚ್ಚು ನಂಬಿಕೆಗೆ ಅರ್ಹವಾದವು, ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಗುಂಪುಗಳಾಗಿ ಹಂಚಿ, ಯಾರಿಗೆ ಯಾವ ಗುಳಿಗೆ ಸಿಕ್ಕಿದೆ ಎಂಬುದು ರೋಗಿಗೂ ವೈದ್ಯರಿಗೂ ಗೊತ್ತಾಗದಂತೆ ನಡೆಸುವಂಥವು. ಒಂದು ಗುಂಪಿಗೆ ಔಷಧಿಯಿಲ್ಲದ, ನೋಡಲು ಮಾತ್ರ ಹಾಗೆಯೇ ಇರುವ ಪ್ಲಾಸಿಬೊ ಗುಳಿಗೆ ಕೊಡುತ್ತಾರೆ. ಮಂಡಿ ನೋವು ದಿನದಿಂದ ದಿನಕ್ಕೆ ಏರಿಳಿಯುತ್ತದೆ, ಚಿಕಿತ್ಸೆ ಸಿಗುತ್ತಿದೆ ಎಂಬ ನಂಬಿಕೆಯೇ ನೋವನ್ನು ಸಾಕಷ್ಟು ತಗ್ಗಿಸುತ್ತದೆ. ಪ್ಲಾಸಿಬೊ ಇಲ್ಲದೆ ಔಷಧಿಯ ನಿಜವಾದ ಪಾಲು ಎಷ್ಟೆಂದು ಹೇಳಲಾಗದು.

ಥಾಯ್ಲೆಂಡಿನಲ್ಲಿ ಮಂಡಿ ಸವೆತವಿದ್ದ 367 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2014ರಲ್ಲಿ ಹೊರಬಂತು. ಕೆಲವರಿಗೆ ದಿನಕ್ಕೆ 1200 ಮಿಲಿಗ್ರಾಂ ಐಬುಪ್ರೊಫೆನ್, ಉಳಿದವರಿಗೆ 1500 ಮಿಲಿಗ್ರಾಂ ಅರಿಶಿನದ ಸಾರ. ನಾಲ್ಕು ವಾರಗಳ ನಂತರ ನೋವಿನಲ್ಲೂ ನಡೆದಾಟದಲ್ಲೂ ಎರಡೂ ಗುಂಪುಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದವು. ಹೊಟ್ಟೆನೋವಿನ ದೂರು ಐಬುಪ್ರೊಫೆನ್ ಗುಂಪಿನಲ್ಲಿ ಜಾಸ್ತಿ ಇತ್ತು. ಒಳ್ಳೆಯ ಸುದ್ದಿಯೇ. ಆದರೆ ಇದರಲ್ಲಿ ಪ್ಲಾಸಿಬೊ ಗುಂಪು ಇರಲಿಲ್ಲ, ಅವಧಿಯೂ ಒಂದೇ ತಿಂಗಳು.

ಆ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬಿದ್ದು ಆಸ್ಟ್ರೇಲಿಯಾದ ಟಾಸ್ಮೇನಿಯಾದ ಪರೀಕ್ಷೆ. 2020ರಲ್ಲಿ ಪ್ರಕಟವಾದ ಇದರಲ್ಲಿ 70 ಮಂದಿಯಷ್ಟೇ ಇದ್ದರು, ಆದರೆ ಅವರೆಲ್ಲರ ಮಂಡಿಯಲ್ಲೂ ಉರಿಯೂತದ ನೀರು ತುಂಬಿತ್ತು. ಅರ್ಧದಷ್ಟು ಜನರಿಗೆ ಅರಿಶಿನದ ಸಾರ, ಉಳಿದವರಿಗೆ ಪ್ಲಾಸಿಬೊ, 12 ವಾರ. ನೋವನ್ನು ನೂರು ಅಂಕದ ಅಳತೆಯಲ್ಲಿ ಗುರುತಿಸಿದಾಗ ಅರಿಶಿನದ ಗುಂಪು ಪ್ಲಾಸಿಬೊ ಗುಂಪಿಗಿಂತ 9 ಅಂಕದಷ್ಟು ಹೆಚ್ಚು ಸುಧಾರಿಸಿತ್ತು. ಅನುಭವಕ್ಕೆ ಬರಬಹುದಾದ ವ್ಯತ್ಯಾಸ ಅದು, ಊರುಗೋಲು ಬಿಟ್ಟು ಬೆಟ್ಟ ಹತ್ತುವಷ್ಟಲ್ಲ.

ನನಗೆ ಮುಖ್ಯವೆನಿಸಿದ್ದು ಇದೇ ಅಧ್ಯಯನದ ಇನ್ನೊಂದು ಭಾಗ. ಎಂಆರ್‌ಐ ಮಾಡಿ ನೋಡಿದಾಗ ಮಂಡಿಯಲ್ಲಿ ತುಂಬಿದ್ದ ನೀರಿನಲ್ಲಾಗಲೀ ಮೃದು ಎಲುಬಿನಲ್ಲಾಗಲೀ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ನೋವು ಕಡಿಮೆಯಾಗಿತ್ತು, ಉರಿಯೂತದ ಗುರುತು ಹಾಗೆಯೇ ಉಳಿದಿತ್ತು. ಡಬ್ಬಿಯ ಮೇಲೆ ‘ಉರಿಯೂತ ನಿವಾರಕ’ ಎಂದೇ ಬರೆದಿರುತ್ತದೆ, ಪರೀಕ್ಷೆಯಲ್ಲಿ ಕಂಡದ್ದು ನೋವು ಶಮನ. ಹೇಗೆ ತಗ್ಗಿತು ಎಂಬುದಕ್ಕೆ ಉತ್ತರ ಸಿಗಬೇಕಾದರೆ ಇನ್ನೂ ದೊಡ್ಡ ಪರೀಕ್ಷೆಗಳು ನಡೆಯಬೇಕು.

ಸಂಧಿವಾತದ ಕಥೆ ಬೇರೆ. ಅಲ್ಲಿ ಕೀಲು ಶಾಶ್ವತವಾಗಿ ಹಾಳಾಗದಂತೆ ತಡೆಯುವ ಔಷಧಿಗಳಿವೆ, ಅವುಗಳನ್ನು ತಡಮಾಡದೆ ಆರಂಭಿಸಬೇಕು. ಅರಿಶಿನ ನಂಬಿ ಆರು ತಿಂಗಳು ಕಾದರೆ ಸೊಟ್ಟಗಾದ ಬೆರಳು ಮತ್ತೆ ನೆಟ್ಟಗಾಗುವುದಿಲ್ಲ.

ಕರುಳಿನಲ್ಲಿ ಕೊಂಚ ಭರವಸೆ

ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್ ರೋಗದಲ್ಲಿ ಫಲಿತಾಂಶ ತುಸು ಉತ್ತಮ. ರಕ್ತಕ್ಕೆ ಸೇರದ ಕರ್ಕ್ಯುಮಿನ್ ಕರುಳಿನಲ್ಲೇ ಉಳಿಯುವುದರಿಂದ ಅಲ್ಲಿ ನೇರವಾಗಿ ಕೆಲಸ ಮಾಡಬಹುದು ಎಂಬುದು ಇದರ ಹಿಂದಿನ ತರ್ಕ. ಜಪಾನಿನಲ್ಲಿ 89 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳಲ್ಲಿ ರೋಗ ಮರುಕಳಿಸಿದ್ದು ಕರ್ಕ್ಯುಮಿನ್ ಪಡೆದವರಲ್ಲಿ ಶೇಕಡಾ 5ಕ್ಕಿಂತ ಕಡಿಮೆ, ಪ್ಲಾಸಿಬೊ ಪಡೆದವರಲ್ಲಿ ಶೇಕಡಾ 20ಕ್ಕಿಂತ ಹೆಚ್ಚು. ಎಲ್ಲರೂ ವೈದ್ಯರು ಬರೆದುಕೊಟ್ಟ ಮಾಮೂಲು ಮಾತ್ರೆಗಳನ್ನೂ ತೆಗೆದುಕೊಳ್ಳುತ್ತಿದ್ದರು. ಆ ಮಾತ್ರೆಗಳಿಗೆ ಇದು ಜೊತೆಯಾಗಬಹುದೇ ಹೊರತು ಬದಲಿಯಲ್ಲ.

ಲಿವರ್‌ಗೆ ಆಗುವುದು ಏನು?

ಔಷಧಿಗಳಿಂದ ಲಿವರ್‌ಗೆ ಆಗುವ ಹಾನಿಯನ್ನು ದಾಖಲಿಸುವ ಆಸ್ಪತ್ರೆಗಳ ಜಾಲವೊಂದು ಅಮೆರಿಕದಲ್ಲಿದೆ. 2004ರಿಂದ 2022ರವರೆಗಿನ ದಾಖಲೆಗಳಲ್ಲಿ ಅರಿಶಿನದಿಂದಲೇ ಆಗಿರಬಹುದಾದ 10 ಪ್ರಕರಣಗಳನ್ನು ಅವರು ಗುರುತಿಸಿದರು. ಎಲ್ಲವೂ 2011ರಿಂದ ಈಚಿನವು. ಹತ್ತರಲ್ಲಿ ಎಂಟು ಮಂದಿ ಮಹಿಳೆಯರು, ಐವರು ಆಸ್ಪತ್ರೆಗೆ ದಾಖಲಾದರು, ಒಬ್ಬರು ಲಿವರ್ ವೈಫಲ್ಯದಿಂದ ತೀರಿಕೊಂಡರು. ಆಸ್ಟ್ರೇಲಿಯಾದ ಸಂಸ್ಥೆ ತನಗೆ ಬಂದ 18 ದೂರುಗಳಲ್ಲಿ 9ರಲ್ಲಿ ಅರಿಶಿನದ ಉತ್ಪನ್ನವೇ ಕಾರಣವಾಗಿರುವ ಸಾಧ್ಯತೆ ಕಂಡುಕೊಂಡಿತು. ಅವುಗಳಲ್ಲಿ ಎರಡು ತೀವ್ರವಾಗಿದ್ದವು, ಒಂದು ಸಾವಿನಲ್ಲಿ ಕೊನೆಗೊಂಡಿತು.

ಲಕ್ಷಾಂತರ ಮಂದಿ ಈ ಗುಳಿಗೆ ನುಂಗುತ್ತಾರೆ, ಹಾನಿಯಾಗುವುದು ಬಹಳ ಅಪರೂಪ. ಆದರೆ ಯಾರಿಗೆ ಆಗುತ್ತದೆ ಎಂದು ಮೊದಲೇ ಹೇಳಲಾಗುವುದಿಲ್ಲ. ಅಮೆರಿಕದ ಹತ್ತು ಮಂದಿಯಲ್ಲಿ ಏಳು ಮಂದಿಯ ದೇಹದಲ್ಲಿ ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಒಂದು ನಿರ್ದಿಷ್ಟ ಜೀನ್ ರೂಪ ಇತ್ತು. ಗ್ರೀನ್ ಟೀ ಸಾರದ ಗುಳಿಗೆಯಿಂದ ಲಿವರ್ ಕೆಟ್ಟವರಲ್ಲೂ ಅದೇ ರೂಪ ಹೆಚ್ಚಾಗಿ ಕಂಡಿದೆ. ಅಂಥವರ ದೇಹ ಲಿವರ್‌ನಲ್ಲಿ ಸೇರಿದ ವಸ್ತುವನ್ನು ಶತ್ರುವೆಂದು ಬಗೆದು ಲಿವರ್ ಕೋಶಗಳ ಮೇಲೆಯೇ ದಾಳಿ ಮಾಡುತ್ತದೆ ಎಂಬುದು ಸದ್ಯದ ಊಹೆ. ಆ ಹತ್ತು ಮಂದಿಯಲ್ಲಿ ಬಹುತೇಕರು ಬಿಳಿಯರಾದ್ದರಿಂದ ಈ ಲೆಕ್ಕವನ್ನು ನೇರವಾಗಿ ಭಾರತೀಯರಿಗೆ ಅನ್ವಯಿಸಲಾಗದು.

ಮೆಣಸಿನ ಸಾರ ಸೇರಿಸಿ, ಎಣ್ಣೆಯ ಸೂಕ್ಷ್ಮ ಹನಿಗಳಲ್ಲಿ ಬೆರೆಸಿ, ‘ನ್ಯಾನೊ’ ಮಾಡಿ ಹೀರಿಕೆ ಹೆಚ್ಚಿಸುವ ಪೈಪೋಟಿ ಈಗ ನಡೆದಿದೆ. ಅಡುಗೆಯ ಅರಿಶಿನ ಇಷ್ಟು ಕಾಲ ನಿರುಪದ್ರವಿಯಾಗಿದ್ದಕ್ಕೆ ಅದು ಹೆಚ್ಚಾಗಿ ರಕ್ತ ಸೇರದೇ ಇದ್ದದ್ದೂ ಒಂದು ಕಾರಣವಿರಬಹುದು. ಆ ತಡೆಗೋಡೆಯನ್ನು ಒಡೆದು ಒಳನುಗ್ಗಿಸಿದಾಗ ಹಳೆಯ ಸುರಕ್ಷತೆಯ ಭರವಸೆಯನ್ನು ಹಾಗೆಯೇ ಮುಂದುವರಿಸಲು ಬರುವುದಿಲ್ಲ.

ಹಾನಿ ಸಾಮಾನ್ಯವಾಗಿ ಗುಳಿಗೆ ಆರಂಭಿಸಿದ ಒಂದರಿಂದ ನಾಲ್ಕು ತಿಂಗಳೊಳಗೆ ಕಾಣಿಸಿಕೊಳ್ಳುತ್ತದೆ: ವಿಪರೀತ ಸುಸ್ತು, ಹಸಿವಿಲ್ಲದಿರುವುದು, ವಾಕರಿಕೆ, ಮೈ ತುರಿಕೆ, ಕಡು ಬಣ್ಣದ ಮೂತ್ರ, ಹಳದಿಯಾಗುವ ಕಣ್ಣು. ಹೀಗಾದರೆ ಗುಳಿಗೆಯನ್ನು ಅಂದೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಲಿವರ್ ಪರೀಕ್ಷೆಗೆ ಒಂದು ಸಿರಿಂಜ್ ರಕ್ತ ಸಾಕು. ನಿಲ್ಲಿಸಿದವರಲ್ಲಿ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಕಾಮಾಲೆಯೆಂದು ನಾಟಿ ಔಷಧಿಗೆ ಹೋಗಿ, ಈ ಗುಳಿಗೆಯನ್ನೂ ಮುಂದುವರಿಸುವುದು ಅತ್ಯಂತ ಅಪಾಯಕಾರಿ.

ಗುಳಿಗೆಯಿಂದ ದೂರವಿರಬೇಕಾದವರು

ಮೊದಲೇ ಲಿವರ್ ತೊಂದರೆ ಇರುವವರು ಮುಟ್ಟಲೇಬಾರದು. ಕರ್ಕ್ಯುಮಿನ್ ಪಿತ್ತಕೋಶವನ್ನು ಸಂಕುಚಿಸುತ್ತದೆ, ಆದ್ದರಿಂದ ಪಿತ್ತಕೋಶದಲ್ಲಿ ಕಲ್ಲಿರುವವರಿಗೆ ನೋವು ಕೆರಳಬಹುದು. ಅರಿಶಿನದಲ್ಲಿ ಆಕ್ಸಲೇಟ್ ಹೆಚ್ಚಿರುವುದರಿಂದ ಮೂತ್ರಪಿಂಡದಲ್ಲಿ ಕಲ್ಲಾಗುವ ಪ್ರವೃತ್ತಿಯವರೂ ಜಾಗ್ರತೆ ವಹಿಸಬೇಕು. ವಾರ್ಫರಿನ್‌ನಂತಹ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತಸ್ರಾವದ ಭಯವಿದೆ. ಶಸ್ತ್ರಚಿಕಿತ್ಸೆಗೆ ಎರಡು ವಾರ ಮುಂಚೆ ನಿಲ್ಲಿಸುವುದು ರೂಢಿ. ಗರ್ಭಿಣಿಯರಿಗೆ ಅಡುಗೆಯ ಅರಿಶಿನ ಸಾಕು, ಗುಳಿಗೆ ಬೇಡ.

ಮೆಣಸಿನ ಸಾರದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಪೈಪರಿನ್ ಕರ್ಕ್ಯುಮಿನ್ ಒಂದನ್ನೇ ಆರಿಸಿ ಒಳಬಿಡುವುದಿಲ್ಲ. ಔಷಧಿಗಳನ್ನು ಒಡೆದು ಹೊರಹಾಕುವ ದೇಹದ ವ್ಯವಸ್ಥೆಯನ್ನೇ ಅದು ನಿಧಾನಗೊಳಿಸುತ್ತದೆ. ಮೂರ್ಛೆರೋಗದ ಫೆನಿಟಾಯಿನ್, ರಕ್ತದೊತ್ತಡದ ಪ್ರೊಪ್ರನೊಲಾಲ್, ಉಬ್ಬಸದ ಥಿಯೊಫಿಲಿನ್ ಇವುಗಳ ಪ್ರಮಾಣ ರಕ್ತದಲ್ಲಿ ಏರುವುದು ಮನುಷ್ಯರಲ್ಲೇ ದಾಖಲಾಗಿದೆ. ಮಾತ್ರೆಯ ಲೆಕ್ಕ ಬದಲಾಗದಿದ್ದರೂ ದೇಹದಲ್ಲಿ ಅದರ ಪ್ರಭಾವ ಬದಲಾಗುತ್ತದೆ, ವೈದ್ಯರಿಗೆ ಕಾರಣ ಗೊತ್ತಾಗುವುದೇ ಇಲ್ಲ.

ಅಡುಗೆಮನೆಯ ಅರಿಶಿನಕ್ಕೂ ಒಂದು ಚಿಂತೆ

ಸಾರಿನ ಅರಿಶಿನ ಸುರಕ್ಷಿತ ಎಂದೆ. ಅದು ಶುದ್ಧವಾಗಿದ್ದರೆ ಎಂಬ ಮಾತನ್ನು ಸೇರಿಸಬೇಕು. ಒಣಗಿಸಿ ಉಜ್ಜಿ ಹೊಳಪು ಕೊಡುವಾಗ ಕೊಂಬಿಗೆ ಕಡು ಹಳದಿ ಬರಲೆಂದು ಸೀಸದ ಕ್ರೋಮೇಟ್ ಎಂಬ ಬಣ್ಣ ಬಳಿಯುವ ಕೆಟ್ಟ ಅಭ್ಯಾಸ ದಕ್ಷಿಣ ಏಷ್ಯಾದ ಕೆಲವೆಡೆ ಇದೆ. ಸೀಸ ಮಕ್ಕಳ ಮಿದುಳಿಗೆ ನೇರವಾಗಿ ಹಾನಿ ಮಾಡುತ್ತದೆ. ಭಾರತ, ಪಾಕಿಸ್ತಾನ, ನೇಪಾಳ, ಶ್ರೀಲಂಕಾಗಳ 23 ನಗರಗಳಿಂದ ಮಾದರಿ ತಂದು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಟ್ನಾ, ಕರಾಚಿ, ಪೇಶಾವರಗಳ ಕೆಲವು ಮಾದರಿಗಳಲ್ಲಿ ಗ್ರಾಂಗೆ 1000 ಮೈಕ್ರೊಗ್ರಾಂ ಮೀರಿದ ಸೀಸ ಸಿಕ್ಕಿತು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ 10 ಮೈಕ್ರೊಗ್ರಾಂ.

ಇದನ್ನು ತಡೆಯಲು ಸಾಧ್ಯ ಎಂಬುದಕ್ಕೆ ಬಾಂಗ್ಲಾದೇಶ ಉದಾಹರಣೆ. ಅಲ್ಲಿ 2019ರಲ್ಲಿ ಮಾರುಕಟ್ಟೆಯ ಸುಮಾರು ಅರ್ಧದಷ್ಟು ಮಾದರಿಗಳಲ್ಲಿ ಸೀಸವಿತ್ತು. ತಪಾಸಣೆ, ದಂಡ, ಪ್ರಚಾರ ಬಿಗಿಯಾದ ಮೇಲೆ 2021ರ ಹೊತ್ತಿಗೆ ಅದು ಶೂನ್ಯಕ್ಕಿಳಿಯಿತು. ನಮ್ಮಲ್ಲಿ ಚಾಮರಾಜನಗರ, ಮೈಸೂರು ಭಾಗಗಳಲ್ಲಿ ಅರಿಶಿನ ಬೆಳೆಯುತ್ತಾರೆ. ಪರಿಚಯದ ರೈತರಿಂದ ಹೊಳಪು ಕೊಡದ ಕೊಂಬು ತಂದು ಗಿರಣಿಯಲ್ಲಿ ಬೀಸಿಸಿಕೊಳ್ಳಲು ಅನುಕೂಲವಿರುವವರು ಹಾಗೆ ಮಾಡಿದರೆ ಒಳ್ಳೆಯದು. ಕಣ್ಣು ಕುಕ್ಕುವಷ್ಟು ಹಳದಿ ಇರುವುದು ಗುಣಮಟ್ಟದ ಗುರುತಲ್ಲ.

ಡಬ್ಬಿಯ ಮೇಲೆ ಏನು ಓದಬೇಕು?

ಭಾರತದಲ್ಲಿ ಇಂತಹ ಗುಳಿಗೆಗಳು ಎರಡು ದಾರಿಯಲ್ಲಿ ಮಾರುಕಟ್ಟೆಗೆ ಬರುತ್ತವೆ. ಕೆಲವು ಆಯುರ್ವೇದ ಔಷಧಿಯ ಪರವಾನಗಿ ಪಡೆದವು, ಕೆಲವು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಡಿ ಆಹಾರ ಪೂರಕವಾಗಿ ಮಾರಾಟವಾಗುವವು. ಎರಡನೆಯ ಬಗೆಯ ಡಬ್ಬಿಯ ಮೇಲೆ ‘ಔಷಧೀಯ ಬಳಕೆಗೆ ಅಲ್ಲ’ ಎಂಬ ಅರ್ಥದ ಸಾಲು ಇರಬೇಕೆಂಬ ನಿಯಮವೇ ಇದೆ. ಬಹಳ ಸಣ್ಣ ಅಕ್ಷರಗಳಲ್ಲಿ ಇರುತ್ತದೆ, ಹುಡುಕಿ ಓದಿ. ಪ್ರಾಧಿಕಾರದ ಪರವಾನಗಿ ಸಂಖ್ಯೆ ಇದೆಯೆಂದರೆ ಅದು ಮಂಡಿ ನೋವು ಗುಣಪಡಿಸುತ್ತದೆಂದು ಯಾರೋ ಪರೀಕ್ಷಿಸಿದ್ದಾರೆ ಎಂದು ಅರ್ಥವಲ್ಲ.

ಒಂದು ಗುಳಿಗೆಯಲ್ಲಿ ಎಷ್ಟು ಮಿಲಿಗ್ರಾಂ ಕರ್ಕ್ಯುಮಿನ್ ಇದೆ, ಪೈಪರಿನ್ ಸೇರಿದೆಯೇ, ಬೇರೆ ಗಿಡಮೂಲಿಕೆಗಳ ಸಾರ ಬೆರೆಸಿದ್ದಾರೆಯೇ ಎಂಬುದನ್ನು ನೋಡಿ. ಮಂಡಿ ಸವೆತದ ನೋವಿಗೆ, ಬೇರೆ ರೋಗವಾಗಲೀ ನಿತ್ಯದ ಮಾತ್ರೆಯಾಗಲೀ ಇಲ್ಲದವರು, ವೈದ್ಯರಿಗೆ ತಿಳಿಸಿ ಎರಡು ಮೂರು ತಿಂಗಳು ಪ್ರಯತ್ನಿಸಿ ನೋಡುವುದರಲ್ಲಿ ಅರ್ಥವಿದೆ. ಆ ಅವಧಿಯಲ್ಲಿ ನೋವು ತಗ್ಗದಿದ್ದರೆ ಮುಂದುವರಿಸಲು ಕಾರಣವಿಲ್ಲ. ತಂದೆ ತಾಯಿ ಈಗಾಗಲೇ ನುಂಗುತ್ತಿದ್ದರೆ ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಆ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ. "ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ?" ಎಂದು ವೈದ್ಯರು ಕೇಳಿದಾಗ ಅರಿಶಿನವನ್ನು ಯಾರೂ ಮಾತ್ರೆಯೆಂದು ಎಣಿಸುವುದಿಲ್ಲ, ಹಾಗಾಗಿ ಕೇಳುವ ಮೊದಲೇ ಅದನ್ನು ಮೇಜಿನ ಮೇಲಿಡಿ.